ಆ ಕಡೆಗೆ ಹೋದ ಮಚ್ಚೆ

“ದೇವರೇ, ಹರಿಯದಿರಲಿ, ಹರಿಯದಿರಲಿ,” ಎನ್ನುತ್ತ ಗುಬ್ಬಿ ಬ್ರಷ್‌ನ ತುದಿಯಿಂದ ಮೆಲ್ಲಗೆ ತಳ್ಳಿದಳು.

ಟ್ರೇಯ ಬಿಸಿನೀರಿನಲ್ಲಿ ಅಜ್ಜಿಯ ಚಿತ್ರ ಫೋಟೊದ ಪ್ಲಾಸ್ಟಿಕ್ಕನ್ನು ಬಿಟ್ಟು ಏಳುತ್ತಿತ್ತು. ಹಾಲಿನ ಕೆನೆಯಷ್ಟು ತೆಳು. ಮೊದಲು ಮೂಲೆ, ಆಮೇಲೆ ಭುಜ, ಆಮೇಲೆ ಗಲ್ಲ.

ಕ್ಲಿಕ್ಕಿಸಿದ ಕೂಡಲೇ ಕ್ಯಾಮೆರಾದಿಂದಲೇ ಹೊರಬರುವ ಫೋಟೊದಿಂದ ಹೀಗೆ ಚಿತ್ರವನ್ನು ಬಿಡಿಸಿ, ದಪ್ಪ ಕಾಗದಕ್ಕೆ ಕೂರಿಸುವುದು ಚಿಕ್ಕಮ್ಮನ ಕೆಲಸ. ನಾಳೆ ಅವಳ ಪ್ರದರ್ಶನ. “ಅಜ್ಜಿದು ಮಾತ್ರ ಬಾಕಿ. ನಾನು ಬಂದು ಮಾಡ್ತೀನಿ, ಮುಟ್ಟಬೇಡ. ಫಿಲ್ಮ್ ಖಾಲಿ, ಇನ್ನೊಂದು ತೆಗೆಯೋಕಾಗಲ್ಲ,” ಎಂದು ಹೇಳಿ ಫ್ರೇಮ್ ತರಲು ಹೋಗಿದ್ದಳು.

ಸರ್‌ಪ್ರೈಸ್ ಕೊಡೋಣ ಅಂತ ಗುಬ್ಬಿ ಮುಟ್ಟಿದ್ದಳು.

ಬೆಳಿಗ್ಗೆ ಆ ಫೋಟೊ ನೋಡಿ ಅಜ್ಜಿ ಮೂಗು ಮುರಿದಿದ್ದಳು. “ಇದು ನಾನಲ್ಲ ಕಣೇ. ಯಾವಳೋ ನನ್ನ ಬಟ್ಟೆ ಹಾಕ್ಕೊಂಡು ಕೂತಿದ್ದಾಳೆ!”

ಚಿತ್ರ ನೀರಿನಲ್ಲಿ ಮಡಚಿಕೊಂಡಿತು. ಗುಬ್ಬಿ ಬ್ರಷ್ ಆಡಿಸಿದಳು, ಬಿಡಿಸಿಕೊಂಡಿತು. ಕಾಗದವನ್ನು ಅಡಿಗೆ ತೂರಿಸಿ, ಉಸಿರು ಬಿಗಿಹಿಡಿದು ಮೇಲೆತ್ತಿದಳು. ಹರಿದಿರಲಿಲ್ಲ!

ಆದರೆ ಅಜ್ಜಿಯ ಎಡಗೆನ್ನೆಯ ಮಚ್ಚೆ ಬಲಗೆನ್ನೆಗೆ ಹೋಗಿತ್ತು.

ನೀರಿನಲ್ಲಿ ಚಿತ್ರ ಮಗುಚಿಕೊಂಡಿದ್ದು ಗೊತ್ತೇ ಆಗಿರಲಿಲ್ಲ. ಮತ್ತೆ ಎಬ್ಬಿಸಲೆಂದು ಮೂಲೆಗೆ ಉಗುರು ತಾಗಿಸಿದಳು. ಸಣ್ಣಗೆ ಸೀಳಿತು. ಬೆಂಕಿ ಮುಟ್ಟಿದವಳಂತೆ ಕೈ ಹಿಂದಕ್ಕೆಳೆದುಕೊಂಡಳು.

ಬಾಗಿಲು ಕಿರ್ರೆಂದಿತು.

“ಏನೇ ಮಾಡಿದೆ?” ಚಿಕ್ಕಮ್ಮ ಫ್ರೇಮ್ ಕೆಳಗಿಟ್ಟಳು.

“ಸಾರಿ ಚಿಕ್ಕಮ್ಮ…”

“ಸಾರಿ ಅಂದ್ರೆ ಮಚ್ಚೆ ನಡ್ಕೊಂಡು ವಾಪಸ್ ಬರುತ್ತಾ?”

ಸದ್ದು ಕೇಳಿ ಅಜ್ಜಿ ಬಂದಳು. ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು. ಗುಬ್ಬಿ ಕಣ್ಣು ಮುಚ್ಚಿಕೊಂಡಳು.

“ಹಾಂ! ಇವಳು ನಾನು. ದಿನಾ ತಲೆ ಬಾಚುವಾಗ ಎದುರಿಗೆ ಬರೋಳು ಇವಳೇ.”

“ಅಮ್ಮಾ, ಅದು ಉಲ್ಟಾ ಆಗಿದೆ.”

“ಕನ್ನಡಿಲೂ ಹಾಗೇ ಅಲ್ವೇನೇ?”

ಚಿಕ್ಕಮ್ಮ ನೋಡಿದಳು: ಒಮ್ಮೆ ಅಜ್ಜಿಯ ಮುಖ, ಒಮ್ಮೆ ಚಿತ್ರ. ಕೊನೆಗೆ ಒಣ ಬಟ್ಟೆ ತೆಗೆದು ಗುಬ್ಬಿಯ ಕೈಗಿಟ್ಟಳು. “ಟ್ರೇ ಒರೆಸು. ಫ್ರೇಮಿಗೆ ಇದೇ ಹೋಗುತ್ತೆ. ಆದ್ರೆ ಇನ್ನೊಂದ್ಸಲ ಕೇಳದೆ ಮುಟ್ಟಿದ್ರೆ ನೋಡು!”

ಟ್ರೇ ಒರೆಸಿಟ್ಟು ಗುಬ್ಬಿ ಅಜ್ಜಿಯನ್ನು ಕನ್ನಡಿಯ ಮುಂದೆ ಎಳೆದೊಯ್ದಳು. ಕನ್ನಡಿಯಲ್ಲಿ ಮಚ್ಚೆ ಆ ಕಡೆ. ತಿರುಗಿ ನೋಡಿದರೆ ಈ ಕಡೆ.

“ಅಜ್ಜೀ, ನಿನ್ನ ಮಚ್ಚೆ ನಿಜವಾಗ್ಲೂ ಇಲ್ಲಿದೆ,” ಎಂದು ಬೆರಳಿಟ್ಟಳು.

“ಇರಲಿ ಬಿಡು. ಅದನ್ನ ನೋಡೋಕೆ ನೀನಿದ್ದೀಯಲ್ಲ.”

ಗುಬ್ಬಿ ಕನ್ನಡಿಯಲ್ಲಿ ಆ ಕಡೆಗೆ ಹೋಗಿದ್ದ ತನ್ನ ಓರೆ ಬೈತಲೆಯನ್ನು ಬಹಳ ಹೊತ್ತು ನೋಡಿಕೊಂಡಳು. ಆಮೇಲೆ ಅಜ್ಜಿಯ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

“ಅಜ್ಜೀ, ನಾನು ಹೇಗಿದ್ದೀನಿ?”