ಮುಂಡರಗಿ ದಾರಿಯ ಬೆಂಕಿ

"ಹಿಂದಕ್ಕ ಸರೀರಿ! ಸಾಯಾಕ ಬಂದೀರೇನು?"

ಕೌಸರಳ ಕೂಗಿಗೆ ಇಡೀ ಬ್ಯಾಟರಿ ಪರೀಕ್ಷಾ ಕೇಂದ್ರವೇ ಬೆಚ್ಚಿಬಿತ್ತು.

ದಪ್ಪ ಗಾಜಿನ ಆಚೆ, ಕಬ್ಬಿಣದ ಕೋಣೆಯೊಳಗೆ, ಮೊಳೆ ಚುಚ್ಚಿದ ಬ್ಯಾಟರಿ ಬುಸುಗುಟ್ಟುತ್ತಾ ಬಿಳಿ ಹೊಗೆ ಉಗುಳುತ್ತಿತ್ತು. ಆ ಕೋಣೆಯ ಬಾಗಿಲಿಗೆ ಕೈ ಹಾಕಿದ್ದ ಅಪರಿಚಿತ ಯುವಕನ ಅಂಗಿಯ ತೋಳು ಹಿಡಿದು ಅವಳು ಬಲವಾಗಿ ಎಳೆದಳು. ಅವನು ಮುಗ್ಗರಿಸಿದ.

ಅಷ್ಟರಲ್ಲೇ... ಢಮ್!

ಗಾಜಿನ ತುಂಬ ಕಿತ್ತಳೆ ಬಣ್ಣದ ಉರಿ!

ಯುವಕ ಗೋಡೆಗೆ ಆತು ನಿಂತ. ಮುಖ ಬಿಳುಚಿತ್ತು. ಆದರೂ ಸಿಟ್ಟು ಇಳಿದಿರಲಿಲ್ಲ.

"ಅದು ನಮ್ಮ ಬ್ಯಾಟರಿರಿ! ನಾನ ಕೈಯಾರೆ ಮಾಡಿದ್ದು. ಮೊಳಿ ಚುಚ್ಚಿದ್ರ ಯಾವ ಬ್ಯಾಟರಿ ಉಳೀತೈತಿ ಹೇಳ್ರಿ?"

"ಚಲೋ ಬ್ಯಾಟರಿ ಹೊಗಿ ಬಿಡತೈತಿ, ಹಿಂಗ ಸಿಡಿಯೂದಿಲ್ಲ," ಎಂದಳು ಕೌಸರ. "ಇದು ಆಟೋದ ಸೀಟಿನ ಕೆಳಗ ಕೂಡೂದು. ಆ ಸೀಟಿನ ಮ್ಯಾಲ ಯಾರ ಮಕ್ಕಳು ಕುಂತಿರ್ತಾರ, ಅದನ್ನ ವಿಚಾರ ಮಾಡ್ರಿ ಮೊದಲ!"

ಅವನು ಉರಿ ಅಡಗಿ ಕರಿ ಬೂದಿಯಷ್ಟೇ ಉಳಿಯುವವರೆಗೂ ಗಾಜಿನ ಮುಂದಿನಿಂದ ಕದಲಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ.

"ಎಲ್ಲಿ ತಪ್ಪೈತಿ ಅಂತ ತೋರಿಸಿಕೊಡ್ತೀರೇನ್ರಿ?"

'ಬೈದವಳ ಹತ್ತಿರವೇ ಪಾಠ ಕೇಳ್ತಾನಲ್ಲ ಈ ಮನುಷ್ಯ...' ಕೌಸರಳಿಗೆ ಒಳಗೊಳಗೇ ಅಚ್ಚರಿ.

ಅವನ ಹೆಸರು ಮೊಹಸಿನ. ಬೆಟಗೇರಿಯಲ್ಲಿ ಅಣ್ಣ ಸಮೀವುಲ್ಲಾನ ಜೊತೆ ಬ್ಯಾಟರಿ ಜೋಡಿಸುವ ಕಾರ್ಖಾನೆ ಇಟ್ಟಿದ್ದ. ಕಾರ್ಖಾನೆ ಅಂದರೆ ಎರಡು ಕೋಣೆ, ಮೇಲೆ ತಗಡು. ತಂದೆ ತೀರಿಕೊಂಡಾಗ ಮೊಹಸಿನ ಇನ್ನೂ ಶಾಲೆಯ ಹುಡುಗ. ಅವನನ್ನು ಓದಿಸಿ ಇಂಜಿನಿಯರ್ ಮಾಡಿದವನು ಆ ಅಣ್ಣನೇ.

ಕೌಸರ ಲಕ್ಷ್ಮೇಶ್ವರದ ಬಟ್ಟೆ ವ್ಯಾಪಾರಿ ಮಹಬೂಬಸಾಬರ ಮಗಳು. ಹುಲಕೋಟಿ ರಸ್ತೆಯ ಆ ಕೇಂದ್ರದಲ್ಲಿ ಅವಳ ಕೆಲಸ ಬ್ಯಾಟರಿಗಳನ್ನು ಚುಚ್ಚುವುದು, ಜಜ್ಜುವುದು, ಕಾಯಿಸುವುದು, ಲಾರಿಯಲ್ಲಿ ಹೋಗುವಾಗ ಬೀಳುವ ಕುಲುಕಾಟವನ್ನು ಯಂತ್ರದ ಮೇಲೆ ಕೊಟ್ಟು ನೋಡುವುದು. ಇಲ್ಲಿ ಉಳಿದ ಬ್ಯಾಟರಿ ಮಾತ್ರ ರಸ್ತೆಗೆ ಇಳಿಯಬೇಕು. ಅದು ಅವಳ ಹಟ.

ಮೊಹಸಿನ ಮತ್ತೆ ಬಂದ. ಮತ್ತೆ ಫೇಲಾದ. ಮತ್ತೂ ಬಂದ!

ಪ್ರತಿ ಸಲವೂ ಸುಟ್ಟದ್ದನ್ನು ಅವಳ ಮುಂದೆಯೇ ಬಿಚ್ಚಿ ನೋಡುತ್ತಿದ್ದ. ಒಂದು ಸೆಲ್ಲಿನ ಬಿಸಿ ಪಕ್ಕದ ಸೆಲ್ಲಿಗೆ ಹಬ್ಬದಂತೆ ನಡುವೆ ತಡೆ ಹಾಕುವುದನ್ನು ಕಲಿತ. ಅವನ ಆಟೋ ಬ್ಯಾಟರಿ ಮೊಳೆ ಚುಚ್ಚಿಸಿಕೊಂಡೂ ಸಿಡಿಯದೆ ತಣ್ಣಗಾದ ದಿನ ಕೌಸರಳೇ ಅವನಿಗಿಂತ ಮೊದಲು ಚಪ್ಪಾಳೆ ತಟ್ಟಿಬಿಟ್ಟಳು. ಆಮೇಲೆ ನಾಚಿ ಕೈ ಹಿಂದೆ ಕಟ್ಟಿಕೊಂಡಳು.

"ಮೇಡಂ ನಕ್ಕಿದ್ದು ನಾ ಇವತ್ತ ನೋಡಿದೆ," ಎಂದ ಮೊಹಸಿನ.

"ಬ್ಯಾಟರಿ ಪಾಸಾಗಿದ್ದಕ್ಕ ನಕ್ಕೆ."

"ಹಂಗಾದ್ರ ದಿನಾ ಪಾಸ್ ಮಾಡಿಸಬೇಕಾತು!"

ಅವಳ ಕೆನ್ನೆ ಬಿಸಿಯಾಯಿತು.

ಸಂಬಂಧದ ಮಾತು ತಂದವನು ಸಮೀವುಲ್ಲಾ. ಹೆಂಡತಿ ಅಲ್ಮಾಸಬಿಯನ್ನು ಕರೆದುಕೊಂಡು ಲಕ್ಷ್ಮೇಶ್ವರಕ್ಕೆ ಬಂದು, "ಸಾಹೇಬ್ರ, ನನ್ನ ತಮ್ಮಗ ಹಗಲೂ ರಾತ್ರಿ ನಿಮ್ಮ ಮಗಳದ ಧ್ಯಾನ. ಹೆಸರು ಮಾತ್ರ ಬ್ಯಾಟರಿದು!" ಎಂದು ಗಹಗಹಿಸಿ ನಕ್ಕಿದ್ದ. ದೊಡ್ಡ ಮನಸ್ಸಿನ, ಅವಸರದ ಮನುಷ್ಯ. ಮಹಬೂಬಸಾಬರಿಗೆ ಹಿಡಿಸಿಬಿಟ್ಟ.

ಅದೇ ದಿನಗಳಲ್ಲಿ ಅಣ್ಣತಮ್ಮಂದಿರಿಗೆ ಹಮ್ಮಿಗಿಯಿಂದ ದೊಡ್ಡ ಕೆಲಸ ಬಂತು. ನದಿಯ ಮೀನು ಇಡುವ ತಂಪು ಕೋಣೆಗೆ, ಬಿಸಿಲಿನ ವಿದ್ಯುತ್ತು ತುಂಬಿಟ್ಟುಕೊಳ್ಳುವ ಲಿಥಿಯಂ ಬ್ಯಾಟರಿಗಳು.

ಮಾದರಿ ಬ್ಯಾಟರಿ ಮೊಳೆಗೆ ಹೆದರಲಿಲ್ಲ, ಬಿಸಿಗೂ ಹೆದರಲಿಲ್ಲ. ಆದರೆ ಕುಲುಕುವ ಯಂತ್ರದ ಮೇಲೆ ಒಳಗಿನ ಲೋಹದ ಪಟ್ಟಿ ಒಂದು ಕಡೆ ಕಿತ್ತುಬಂದು, ಪಕ್ಕದ ಸೆಲ್ಲಿಗೆ ಉಜ್ಜತೊಡಗಿತು.

ಕೌಸರ ತಲೆಯಾಡಿಸಿದಳು. "ಇದು ಗಾಡಿ ಹತ್ತಬಾರದು ಮೊಹಸಿನ. ದಾರಿದಾಗ ಬೆಂಕಿ ಹತ್ತತೈತಿ."

"ಗೊತ್ತಾತು. ಎಲ್ಲಾ ಬಿಚ್ಚಿ ಮತ್ತ ಕಟ್ಟತೀನಿ." ಅವನು ಒಂದು ಮಾತೂ ಎದುರಾಡಲಿಲ್ಲ.

'ಇಂಥವನ ಕೈ ಹಿಡಿಯೋದಕ್ಕೆ ನಾನು ಪುಣ್ಯ ಮಾಡಿದ್ದೆ...' ಎಂದುಕೊಂಡಳು ಅವಳು.

ಮಾತು ಪಕ್ಕಾ ಮಾಡುವ ದಿನ ಲಕ್ಷ್ಮೇಶ್ವರದ ಮನೆ ತುಂಬ ನೆಂಟರು. ಮೊಹಸಿನ ಅತ್ತಿಗೆಯ ಜೊತೆ ಬಂದಿದ್ದ. ಅಣ್ಣ ಮಾತ್ರ ಬಂದಿರಲಿಲ್ಲ. "ಏನೋ ಕೆಲಸ ಐತಂತ, ಹಿಂದಿಂದ ಬರ್ತೀನಿ ಅಂದಾರ," ಎಂದಳು ಅಲ್ಮಾಸಬಿ, ಕಣ್ಣು ತಪ್ಪಿಸಿ.

ಊಟಕ್ಕೆ ಕುಳಿತಾಗ ಮೊಹಸಿನನ ಫೋನ್ ರಿಂಗಾಯಿತು. ಕಿವಿಗೆ ಹಿಡಿದವನು ಒಮ್ಮೆಲೇ ಎದ್ದ. ತಟ್ಟೆಯಲ್ಲಿ ಕೈ ತೊಳೆಯಲೂ ಇಲ್ಲ.

"ಎಲ್ಲಿಗೆ ಹೊಂಟಿರಿ?" ಮಹಬೂಬಸಾಬರು ಕೇಳಿದರು.

ಅವನು ಬಾಗಿಲ ಪರದೆಯ ಹಿಂದೆ ನಿಂತಿದ್ದ ಕೌಸರಳನ್ನು ಒಮ್ಮೆ ನೋಡಿದ. ಏನೋ ಹೇಳಲು ತುಟಿ ತೆರೆದು... ಹೇಳದೇ ಓಡಿದ. ಹೊರಗೆ ಬೈಕ್ ಶಿರಹಟ್ಟಿಯ ಕಡೆ ಹೊರಟ ಸದ್ದಷ್ಟೇ ಕೇಳಿತು.

ನೆಂಟರ ಗುಸುಗುಸು ಶುರುವಾಯಿತು. "ಹಿಂಗ ಊಟ ಬಿಟ್ಟ ಎದ್ದ ಹೋಗೂದಂದ್ರ..." ಕೌಸರಳ ತಾಯಿ ಮುಮ್ತಾಜ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕೌಸರಳ ಎದೆಯಲ್ಲಿ ಅವಮಾನ ಕುದಿಯಿತು.

ಸಂಜೆಯ ಹೊತ್ತಿಗೆ ಖಬರು ಬಂತು.

ಮುಂಡರಗಿ ಇನ್ನೂ ಸ್ವಲ್ಪ ದೂರ ಇರುವಾಗ ಬ್ಯಾಟರಿ ತುಂಬಿದ ಟೆಂಪೋದಲ್ಲಿ ಹೊಗೆ ಕಾಣಿಸಿತ್ತು. ಗಾಡಿ ಹೊಡೆಯುತ್ತಿದ್ದವನು ಸಮೀವುಲ್ಲಾ. ಅದನ್ನು ರಸ್ತೆಯ ಬದಿಗೆ ಇಳಿಸಿ, ಹಿಂದಿನ ಬಾಗಿಲು ತೆಗೆದು, ಉಳಿದ ಬ್ಯಾಟರಿಗಳನ್ನು ಹೊರಗೆಸೆಯಲು ಒಳಗೆ ಹತ್ತಿದ್ದನಂತೆ. ಆಮೇಲೆ ಎಲ್ಲ ಒಟ್ಟಿಗೇ ಹೊತ್ತಿಕೊಂಡಿತು...

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವನು ಮೂರನೆಯ ದಿನ ಪ್ರಾಣ ಬಿಟ್ಟ.

ಅದಕ್ಕೆ ಹಿಂದಿನ ದಿನ, ಅವನು ಒಳಗೆ ಇನ್ನೂ ಉಸಿರಾಡುತ್ತಿದ್ದಾಗ, ಕೌಸರ ಅಲ್ಲಿಗೆ ಹೋಗಿದ್ದಳು. ಮೊಹಸಿನ ವರಾಂಡದಲ್ಲಿ ಒಬ್ಬನೇ ಕುಳಿತಿದ್ದ. ಎರಡೂ ಕೈಗೆ ಮೊಣಕೈ ತನಕ ಬ್ಯಾಂಡೇಜು. ಸ್ವಲ್ಪ ದೂರದಲ್ಲಿ ಪೊಲೀಸರು.

ಅವಳು ಅವನೆದುರು ನಿಂತಳು. "ಅವು ಫೇಲಾದ ಬ್ಯಾಟರಿ ಹೌದಲ್ಲ?"

"ಹೌದು."

"ಬಿಚ್ಚಿ ಕಟ್ಟತೀನಿ ಅಂದಿದ್ರಿ!"

ಅವನು ನೆಲ ನೋಡುತ್ತಿದ್ದ.

"ಕೇಳಾಕತ್ತೀನಿ ಮೊಹಸಿನ... ಯಾರು ಕಳಿಸಿದ್ರು ಅವನ್ನ?"

ಅವನು ಬ್ಯಾಂಡೇಜಿನ ಕೈಗಳನ್ನು ಮಡಿಲಿಗೆ ಎಳೆದುಕೊಂಡ. "ನಾನ. ನಾನ ಕಳಿಸಿದ್ದು."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ನನಗ ಹೂಂ ಅಂದು, ಹೆತ್ತಪ್ಪನಂಗ ಸಾಕಿದ ಅಣ್ಣನ್ನ ಆ ಗಾಡ್ಯಾಗ ಕುಂಡ್ರಿಸಿ, ನೀವು ನಮ್ಮ ಮನ್ಯಾಗ ಊಟಕ್ಕ ಕುಂತ್ರಿ? ನಿಮ್ಮ ಮುಖ ನಾ ಇನ್ನೊಮ್ಮೆ ನೋಡೂದಿಲ್ಲ!"

ಅವನು ತಲೆ ಎತ್ತಲಿಲ್ಲ. ತಡೆಯಲೂ ಇಲ್ಲ.

ಸಂಬಂಧ ಮುರಿಯಿತು. ಮೊಹಸಿನನ ಮೇಲೆ ಕೇಸಾಯಿತು. ಅವನು ಕೆಲ ದಿನ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಹೊರಬಂದ ಎಂಬ ಸುದ್ದಿ ಯಾರೋ ಹೇಳಿದರು. ಕೌಸರ ಕೇಳದವಳಂತೆ ಇದ್ದಳು.

ಸುಡದೆ ಉಳಿದ ಒಂದು ಬ್ಯಾಟರಿಯನ್ನು ಪೊಲೀಸರು ಅವಳ ಕೇಂದ್ರಕ್ಕೇ ಕಳಿಸಿದರು. ಮುಖ್ಯಸ್ಥರಾದ ವಾಸುದೇವ ಸರ್, "ಇದನ್ನ ನೀ ಮಾಡಬ್ಯಾಡ ತಾಯಿ, ನಾ ನೋಡ್ತೀನಿ," ಎಂದು ತಾವೇ ಬಿಚ್ಚಿದರು. ಅವಳು ದೂರದಿಂದ ನೋಡಿದಳು. ಪಟ್ಟಿ ಹಾಗೇ ಇತ್ತು, ಯಾರೂ ಬಿಚ್ಚಿ ಕಟ್ಟಿರಲಿಲ್ಲ. ಸಾಲದ್ದಕ್ಕೆ, ಸಾಗಿಸುವಾಗ ಅರ್ಧಕ್ಕಿಂತ ಕಡಿಮೆ ಇರಬೇಕಾದ ಚಾರ್ಜು ಕಂಠಮಟ್ಟ ತುಂಬಿತ್ತು.

'ಇಷ್ಟೆಲ್ಲ ಕಲಿತವನು ಇಷ್ಟು ಕಲ್ಲುಮನಸ್ಸಿನವನಾ...'

ಆದರೂ ರಸ್ತೆಯಲ್ಲಿ ಬೈಕಿನ ಸದ್ದು ಕೇಳಿದಾಗಲೆಲ್ಲ ಅವಳು ಕಿಟಕಿಯ ಕಡೆ ತಿರುಗುತ್ತಿದ್ದಳು. ತಿರುಗಿದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಮನೆಯಲ್ಲಿ ಬೇರೆ ಸಂಬಂಧದ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು. ಮಗಳು ಬತ್ತುತ್ತಿರುವುದನ್ನು ಮಹಬೂಬಸಾಬರು ಸುಮ್ಮನೆ ನೋಡಿದರು.

ಗಂಡ ಸತ್ತ ಹೆಣ್ಣುಮಗಳು ಮನೆಯ ಹೊಸ್ತಿಲು ದಾಟದ ಇದ್ದತ್ತಿನ ತಿಂಗಳುಗಳು ಅಲ್ಮಾಸಬಿಗೆ ಮುಗಿದವು. ಮುಗಿದ ಮರುದಿನವೇ ಅವಳು ಹುಲಕೋಟಿ ರಸ್ತೆಯ ಕೇಂದ್ರದ ಬಾಗಿಲಲ್ಲಿ ನಿಂತಿದ್ದಳು. ಕೌಸರ ಗುರುತು ಹಿಡಿಯಲೇ ತಡವಾಯಿತು. ಅಷ್ಟು ಸೊರಗಿದ್ದಳು.

"ಭಾಭಿ... ಕುಂಡ್ರಿ. ನೀರ ಕುಡೀತೀರೇನು?"

"ಏನೂ ಬ್ಯಾಡ ತಂಗಿ. ಪೊಲೀಸ್ ಠಾಣೆಗೆ ಹೋಗಿ ಹೇಳೂದು ಹೇಳಿ ಬಂದೀನಿ. ಇನ್ನ ನಿನಗ ಹೇಳೂದೊಂದು ಉಳಿದೈತಿ." ಅವಳು ಬಾಗಿಲ ಚೌಕಟ್ಟು ಹಿಡಿದಳು. "ಆ ಬ್ಯಾಟರಿ ಮೊಹಸಿನ ಕಳಿಸಲಿಲ್ಲ. ನನ್ನ ಮನೆಯವರು ತಾವ ತುಂಬಿಕೊಂಡು ಹೋದ್ರು."

ಕೌಸರ ಅವಳನ್ನು ಹಿಡಿದು ಕುರ್ಚಿಯ ಮೇಲೆ ಕೂರಿಸಿದಳು.

"ಇವ ಕೈಮುಗಿದು ಹೇಳಿದ್ದ, ಅಣ್ಣಾ ಅವನ್ನ ಮುಟ್ಟಬ್ಯಾಡ ಅಂತ. ಅವ್ರು ಕೇಳಲಿಲ್ಲ. ಮಷೀನು ಕುಲುಕಿದಂಗ ನಾ ಗಾಡಿ ಹೊಡೀತೀನೇನು, ಸಾವಕಾಶ ಹೋಗ್ತೀನಿ ಅಂದ್ರು. ಹಮ್ಮಿಗಿಯವ್ರಿಗೆ ಮಾತು ಕೊಟ್ಟಿದ್ರು. ಒಯ್ದ ಕೂಡಲೇ ಚಾಲೂ ಆಗಲಿ ಅಂತ ಚಾರ್ಜೂ ತಾವ ತುಂಬಿದ್ರು. ತಮ್ಮಗ ಗೊತ್ತಾಗಬಾರದು ಅಂತಲೇ ಆ ದಿನ ಆರಿಸಿಕೊಂಡ್ರು. ನನಗೂ ಬಾಯಿ ಬಿಡಬ್ಯಾಡ ಅಂದಿದ್ರು..." ಅವಳು ಅಳತೊಡಗಿದಳು. "ದಾರಿದಾಗ ಏನೋ ವಾಸನಿ ಬರಾಕತ್ತೈತಿ ಅಂತ ಫೋನ್ ಮಾಡಿದ್ರಂತ. ಗಾಡಿ ಬಿಟ್ಟು ದೂರ ಓಡು ಅಂತ ಇವ ಒದರಿಕೋತ ಹೋದ. ಅವ್ರು ಗಾಡಿ ನಿಲ್ಲಿಸಲಿಲ್ಲ, ಇವ ಮುಟ್ಟೂದಕ್ಕೂ ಉರಿ ಏಳೂದಕ್ಕೂ ಸರಿಹೋತು. ಆ ಉರಿಯೊಳಗಿಂದ ಅಣ್ಣನ್ನ ಹೊರಗ ಎಳೆದ."

"ಮತ್ತ ನನಗ ಯಾಕ ಸುಳ್ಳು ಹೇಳಿದ್ರು ಭಾಭಿ!"

"ಅಪ್ಪ ತನ್ನ ತಪ್ಪಿಲೆ ಸತ್ತ ಅಂತ ನನ್ನ ಮಕ್ಕಳು ಬೆಳೀಬಾರದಂತ. ನನ್ನ ಕಡಿಂದ ಆಣೆ ಮಾಡಿಸಿಕೊಂಡಿದ್ದ. ನಾಲ್ಕು ಗೋಡೆ ನಡುವ ಕುಂತು ಅದನ್ನ ವಿಚಾರ ಮಾಡಿದೆ ತಂಗಿ. ಹೋದವ್ರು ಹೋದ್ರು. ಅವ್ರ ಸಲುವಾಗಿ ಇವನೂ ದಿನಾ ಸಾಯೂದು ನನಗ ನೋಡಾಕ ಆಗವಲ್ದು."

ಕೌಸರ ಅವಳ ಮಡಿಲಲ್ಲಿ ಮುಖವಿಟ್ಟಳು. ಇಬ್ಬರೂ ಅತ್ತರು. ಹೊರಗೆ ಯಾವುದೋ ಲಾರಿಯಿಂದ ಬ್ಯಾಟರಿ ಇಳಿಸುವವರ ಗದ್ದಲ ನಡೆದೇ ಇತ್ತು.

ಮಧ್ಯಾಹ್ನವೇ ಅವಳು ಅಲ್ಮಾಸಬಿಯ ಜೊತೆ ಬೆಟಗೇರಿಗೆ ಹೋದಳು. ಅಲ್ಮಾಸಬಿ ಮೊದಲ ಕೋಣೆಯಲ್ಲೇ ನಿಂತು, "ಒಳಗ ಅದಾನ, ಹೋಗು," ಎಂದಳು.

ಮೊಹಸಿನ ಕಿಟಕಿಯ ಹತ್ತಿರ ಒಂದು ಸಣ್ಣ ಬ್ಯಾಟರಿಗೆ ತಂತಿ ಜೋಡಿಸುತ್ತಿದ್ದ. ಜೋಡಿಸುತ್ತಿದ್ದ ಅನ್ನುವುದಕ್ಕಿಂತ ಹೆಣಗುತ್ತಿದ್ದ. ಬೆರಳುಗಳ ಚರ್ಮ ಸುಕ್ಕುಗಟ್ಟಿ, ಒಂದಕ್ಕೊಂದು ಎಳೆದುಕೊಂಡು ಸೆಟೆದಿತ್ತು. ಅವಳನ್ನು ಕಂಡು ಆ ಕೈಗಳನ್ನು ಮೇಜಿನ ಕೆಳಗೆ ಸರಿಸಿದ.

"ಅತ್ತಿಗಿ ಹೇಳಿಬಿಟ್ರೇನು?" ಎಂದ.

"ನೀವು ಯಾಕ ಹೇಳಲಿಲ್ಲ?"

"ಹ್ಯಾಂಗ ಹೇಳಲಿ... ಅಣ್ಣ ಇನ್ನೂ ಒಳಗ ಉಸಿರಾಡಾಕತ್ತಿದ್ದ. ಅವ ಬದುಕಿರೂವಾಗ ಅವನ ಮ್ಯಾಲ ಬೆರಳು ತೋರಿಸೂದು ನನ್ನ ಕಡಿಂದ ಆಗಲಿಲ್ಲ. ಹೋದ ಮ್ಯಾಲಂತೂ..."

"ನನಗ ಒಬ್ಬಾಕಿಗರ ಹೇಳಬೇಕಿತ್ತು!"

"ನಿನಗ ಹೇಳಿದ್ರ ನೀ ಪೊಲೀಸರ ಮುಂದ ಸುಳ್ಳು ಹೇಳಬೇಕಾಗ್ತಿತ್ತು. ನೀ ಹೇಳಾಕಿ ಅಲ್ಲ."

ಅವನು ಹೇಳಿದ್ದು ಖರೆ.

"ನಂದೂ ತಪ್ಪೈತಿ," ಎಂದಳು ಕೌಸರ. "ನೀವು ಊಟ ಬಿಟ್ಟು ಎದ್ದು ಹೋಗಿದ್ದು ನೋಡಿ ನನಗ ಭಾಳ ಸಿಟ್ಟು ಬಂದಿತ್ತು. ಆ ಸಿಟ್ಟಿನಾಗ ನೀವು ಅಂದಿದ್ದನ್ನ ಜಲ್ದಿ ನಂಬಿಬಿಟ್ಟೆ. ನಿಮ್ಮ ಕೈಗೆ ಏನಾಗೇತಿ, ಯಾಕ ಸುಟ್ಟಾವ ಅಂತ ಸೈತ ಕೇಳಲಿಲ್ಲ. ಎದುರಿಗೇ ಇದ್ವು ಅವು..."

ಅವಳ ಕಣ್ಣೀರು ಮೇಜಿನ ಮೇಲೆ ಬಿತ್ತು. ಮೊಹಸಿನ ಒರೆಸಲು ಕೈ ಎತ್ತಿ, ತನ್ನ ಬೆರಳು ನೋಡಿ, ಮತ್ತೆ ಇಳಿಸಿದ.

"ಇದೇನು ಕಟ್ಟಾಕತ್ತೀರಿ?" ಅವಳು ಮೂಗೊರೆಸಿಕೊಳ್ಳುತ್ತಾ ಕೇಳಿದಳು.

"ಸೋಡಿಯಂದು. ಇದನ್ನ ಪೂರ್ತಿ ಖಾಲಿ ಮಾಡಿ ಗಾಡಿಗೆ ಹಾಕಬಹುದು. ಹೋಗೂವಾಗ ಒಳಗ ಏನೂ ಇರೂದಿಲ್ಲ, ಊರು ಮುಟ್ಟಿದ ಮ್ಯಾಲ ತುಂಬಿದ್ರಾತು." ಅವನು ನಿಟ್ಟುಸಿರಿಟ್ಟ. "ಅಣ್ಣಗ ಇಂಥಾದ್ದು ಕೊಟ್ಟು ಕಳಿಸಿದ್ರ..."

ಕೌಸರ ಆ ಬ್ಯಾಟರಿಯನ್ನು ಕೈಗೆತ್ತಿಕೊಂಡು ನೋಡಿದಳು.

"ಇದರ ಪರೀಕ್ಷೆ ನಾ ಮಾಡೂದಿಲ್ಲ," ಎಂದಳು ಕೌಸರ. "ಬ್ಯಾರೆಯವ್ರು ಮಾಡ್ತಾರ. ಫೇಲಾದ್ರ ಫೇಲು. ಮನಿಯವ್ರ ಬ್ಯಾಟರಿ ಮನಿಯವ್ರು ಪಾಸ್ ಮಾಡಬಾರದು."

ಮೊಹಸಿನ ಥಟ್ಟನೆ ತಲೆ ಎತ್ತಿದ. "ಮನಿಯವ್ರು...?"

"ಅಬ್ಬಾನ ಕಡೆ ನೀವ ಬಂದು ಮಾತಾಡಬೇಕು. ಬೈತಾರ. ಬೈಸಿಕೊಳ್ಳಬೇಕು."

"ಕೌಸರ, ಕೇಸ್ ಇನ್ನೂ ಮುಗಿದಿಲ್ಲ. ಅತ್ತಿಗಿ ಹೇಳಿದ್ರೂ ಕಾರ್ಖಾನೆ ನನ್ನ ಹೆಸರಿಲೆ ಐತಿ. ಶಿಕ್ಷೆ ಆದ್ರೂ ಆಗಬಹುದು. ಅಣ್ಣನ ಮಕ್ಕಳು ನನ್ನ ಮ್ಯಾಲ ಅದಾವು. ಈ ಕೈ ಮೊದಲಿನಂಗ ಆಗೂದಿಲ್ಲ ಅಂತ ಡಾಕ್ಟರು ಹೇಳ್ಯಾರ. ನಿನಗ ಕೊಡಾಕ ನನ್ನ ಕಡೆ ಏನೈತಿ?"

"ನಾ ಏನರ ಕೇಳಿದೆನೇನು?"

ಅವಳು ಅವನ ಎದುರಿನ ಸ್ಟೂಲಿನ ಮೇಲೆ ಕುಳಿತಳು. ಮೇಜಿನ ಕೆಳಗಿದ್ದ ಅವನ ಕೈಯನ್ನು ಮೆಲ್ಲಗೆ ಎತ್ತಿ ಬೆಳಕಿಗೆ ಇಟ್ಟಳು. ಅಂಗೈ ಒರಟಾಗಿ, ಮೇಣದ ಹಾಗೆ ಹೊಳೆಯುತ್ತಿತ್ತು. ಅದನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು.

ಅವನ ಮುಖದಲ್ಲಿ ನೋವು ಮೂಡಿತು. ಅದು ಸುಟ್ಟ ನೋವಲ್ಲ.

"ಅಲ್ಲಿ ನನಗ ಏನೂ ತಿಳಿಯೂದಿಲ್ಲ ಕೌಸರ. ಬಿಸಿ, ತಂಪು ಏನೂ ಇಲ್ಲ. ನೀ ಹಿಡಿದಿದ್ದೂ ತಿಳಿಯವಲ್ದು..."

ಅವಳು ಕೈ ಬಿಡಲಿಲ್ಲ. ಬೆರಳುಗಳನ್ನು ನಿಧಾನವಾಗಿ ಮೇಲಕ್ಕೆ ಸರಿಸಿದಳು. ಮಣಿಕಟ್ಟು ದಾಟಿ, ಕಲೆಗಳು ದಾಟಿ, ಮೊಣಕೈಯ ಒಳಬದಿಯಲ್ಲಿ ಬೆಂಕಿ ತಾಕದೆ ಉಳಿದಿದ್ದ ಒಂದಿಷ್ಟು ಮೃದು ಚರ್ಮದ ಮೇಲೆ ನಿಲ್ಲಿಸಿದಳು.

"ಇಲ್ಲಿ?"

ಅವನ ಕಣ್ಣುಗಳು ತುಂಬಿದವು.

"ಇಲ್ಲಿ ತಿಳೀತೈತಿ."

"ಹಂಗಾದ್ರ ಇಲ್ಲೇ ಹಿಡೀತೀನಿ," ಎಂದಳು ಕೌಸರ.