ಸಿಸ್ಟರ್ ಸಲೋಮಿಯಾ ಅವರ ಕರಿಹಲಗೆ

ಶಾಲೆ ಮಾರಾಟವಾಯಿತೆಂದು ಪಾದ್ರಿಗಳು ಪೂಜೆಯಲ್ಲಿ ಓದಿ ಹೇಳಿದ ಭಾನುವಾರವೇ ಸಿಸ್ಟರ್ ಸಲೋಮಿಯಾ ಕುಳಿತಲ್ಲೇ ಪ್ರಾಣಬಿಟ್ಟರು. ಅಮೆರಿಕದ ಬಫಲೋ ನಗರದ ನಮ್ಮ ಪೋಲಿಷ್ ಕೇರಿಗೆಲ್ಲ ಅಕ್ಷರ ಕಲಿಸಿದವರು ಅವರು. "ಶಾಲೆ ಮಾರಾಟ ಆಗಲ್ಲ, ಸಿಸ್ಟರ್" ಎಂದು ಹಿಂದಿನ ದಿನವಷ್ಟೇ ಶಿಲುಬೆ ಮುಟ್ಟಿ ಹೇಳಿದವನು ನನ್ನ ತಮ್ಮ ಝೆನನ್. ಕೊಂಡವನೂ ಅವನೇ.

ಅವರ ತರಗತಿಯನ್ನು ಅವನು ಬಿಯರ್ ಅಂಗಡಿ ಮಾಡಿದ. ಗೋಡೆಯ ಕರಿಹಲಗೆಯನ್ನು ಮಾತ್ರ ಉಳಿಸಿಕೊಂಡು ಅದರ ಮೇಲೆ ತಿಂಡಿಗಳ ಹೆಸರು ಬರೆದ. ಮರುದಿನ ಮಧ್ಯಾಹ್ನ ನಾನು ಹೋದಾಗ ಆ ಹೆಸರುಗಳು ಅಳಿಸಿಹೋಗಿದ್ದವು. "ನಾನು ಸುಳ್ಳು ಹೇಳುವುದಿಲ್ಲ" ಎಂಬ ಒಂದೇ ಸಾಲು ಹಲಗೆಯ ತುಂಬ ಇತ್ತು. ಬರವಣಿಗೆ ಝೆನನ್‌ನದು.

"ಏನೋ ಇದು, ಈ ವಯಸ್ಸಲ್ಲಿ ಇಂಪೊಸಿಷನ್ ಬರೀತಿದ್ದೀಯಾ?" ಎಂದು ನಕ್ಕೆ.

"ನಗ್ಬೇಡ ಕಣಕ್ಕಾ. ನಾನು ಬರೀತಿಲ್ಲ. ಸಿಸ್ಟರ್ ಕೈ ಹಿಡ್ಕೊಂಡು ಬರೆಸ್ತಾರೆ."

ಅವನ ಬಲಗೈ ಮುಟ್ಟಿದೆ. ಒಲೆಯ ಪಕ್ಕದಲ್ಲೇ ನಿಂತಿದ್ದರೂ ಅದು ಮಂಜುಗಡ್ಡೆಯಂತಿತ್ತು. ಬೆರಳ ಗೆಣ್ಣುಗಳ ಮೇಲೆ ಅಡಿಕೋಲಿನ ಕೆಂಪು ಬರೆಗಳಿದ್ದವು.

ಅವನು ಹಲಗೆಯನ್ನು ಕೀಳಿಸಿ ಒಡೆಸಿದ. ಅದೇ ಸಾಲು ಬರಿಗೋಡೆಯ ಮೇಲೆ ಮುಂದುವರಿಯಿತು. ಚಳಿಗಾಲ ಕಳೆಯುವ ಮೊದಲೇ ಅವನು ತೀರಿಕೊಂಡ.

ಅವನ ಕೈಗಳನ್ನು ನಾನೇ ಸೋಪು ಹಚ್ಚಿ ತೊಳೆದು, ನಮ್ಮ ಪದ್ಧತಿಯಂತೆ ಕಪ್ಪು ಮಣಿಗಳ ಜಪಸರ ಸುತ್ತಿದೆ. ಪೆಟ್ಟಿಗೆ ಮುಚ್ಚುವ ಹೊತ್ತಿಗೆ ಮಣಿಗಳೆಲ್ಲ ಸೀಮೆಸುಣ್ಣದ ಪುಡಿಯಿಂದ ಬೆಳ್ಳಗಾಗಿದ್ದವು.

ಸರ್ವೇಶ್ವರಾ, ನನ್ನ ತಮ್ಮನಿಗೆ ನಿತ್ಯ ವಿಶ್ರಾಂತಿಯನ್ನು ದಯಪಾಲಿಸು. ಸಿಸ್ಟರ್, ನೀವೂ ಇನ್ನು ಅವನ ಕೈ ಬಿಟ್ಟುಬಿಡಿ.