ಕದಲದೆ ಕುಳಿತ ಕೋಶ

ಊಟ ಮುಗಿಸಿ ಪ್ರಯೋಗಾಲಯಕ್ಕೆ ಬಂದ ಸಂಶೋಧಕಿ ಸೂಕ್ಷ್ಮದರ್ಶಕದ ಪರದೆ ನೋಡಿದಳು — ಜೀವಕೋಶ ಒಡೆದುಹೋಗಿತ್ತು.

ತೀರಿಹೋದ ರೋಗಿಯೊಬ್ಬರ ರಕ್ತದಲ್ಲಿ ಉಳಿದಿದ್ದ ಕೊನೆಯ ಕೋಶ ಅದು. ಉಪ್ಪುನೀರಿನ ಹನಿಯೊಳಗೆ ಅದನ್ನು ಲೇಸರ್ ಕಿರಣದ ತುದಿಯಲ್ಲಿ, ಅಲ್ಲಿಯವರೆಲ್ಲ ಬೆಳಕಿನ ಚಿಮಟ ಎನ್ನುವ ಉಪಕರಣದಲ್ಲಿ, ಹಿಡಿದಿಟ್ಟಿದ್ದಳು. ಇನ್ನೊಂದು ಸಿಗುವಂತಿರಲಿಲ್ಲ. ವರ್ಷಗಳ ದುಡಿಮೆ ಮಣ್ಣುಪಾಲಾಯಿತು. ಉಪ್ಪುನೀರಿನ ಹದ ತಪ್ಪಿಸಿದವಳು ಅವಳೇ ಎಂದು ಪ್ರಯೋಗಾಲಯದ ಮುಖ್ಯಸ್ಥರು ಕಡ್ಡಿ ತುಂಡುಮಾಡಿದಂತೆ ಹೇಳಿದರು. ಕೆಲಸದಿಂದ ತೆಗೆಯುವುದೊಂದೇ ಬಾಕಿ.

ಸಂಸ್ಥೆ ಕಳಿಸಿದ ತನಿಖಾಧಿಕಾರಿಣಿ ಎಲ್ಲರನ್ನೂ ಕೇಳಿದರು. ಮುಖ್ಯಸ್ಥರು ಅವಳ ಜೊತೆಯಲ್ಲೇ ಉಂಡಿದ್ದರು. ಊಟಕ್ಕೆ ಎದ್ದುಹೋಗುವಾಗ ಪರದೆಯ ಮೇಲೆ ಕೋಶ ನಡುಗುತ್ತ ಚೆನ್ನಾಗಿಯೇ ಇತ್ತೆಂದರು. ಪ್ರಯೋಗಾಲಯದ ಬೀಗದ ಕೈ ಇದ್ದದ್ದು ಅಲ್ಲಿಯೇ ಉಪಕರಣ ರಿಪೇರಿ ಮಾಡುವ ಅವಳ ಗಂಡನ ಬಳಿ. ತಾನು ಬಾಗಿಲಲ್ಲೇ ಕೂತಿದ್ದೆ, ಯಾರೂ ಒಳಗೆ ಹೋಗಲಿಲ್ಲ, ಒಮ್ಮೆ ಇಣುಕಿದಾಗ ಕೋಶ ಒಂಚೂರೂ ಕದಲದೆ ಕೂತಿತ್ತು ಎಂದ. ಅವಳ ಹಿಡಿತ ಅಷ್ಟು ಭದ್ರವಾಗಿತ್ತೆಂದು ಹೆಂಡತಿಯ ಪರವಾಗಿ ಹೇಳಿದ ಹಾಗಿತ್ತು ಮಾತು. ತಪ್ಪು ಉಪ್ಪುನೀರಿನದಾದರೆ ಕೋಶ ತಾನಾಗಿಯೇ ಒಡೆಯುತ್ತದೆ, ಯಾರೂ ಒಳಗೆ ಹೋಗಬೇಕಾಗಿಯೇ ಇರಲಿಲ್ಲವಲ್ಲ — ಅವನನ್ನು ಯಾರೂ ಅನುಮಾನಿಸಲಿಲ್ಲ. ಅವಳಂತೂ ಅವನೊಬ್ಬನಿದ್ದಾನೆಂಬ ಧೈರ್ಯದ ಮೇಲೇ ನಿಂತಿದ್ದಳು.

ಕೋಶವನ್ನು ಹಿಡಿಯುವುದು ಹೇಗೆ, ತೋರಿಸಿ ಎಂದರು ಅಧಿಕಾರಿಣಿ. ಅವಳು ಕೋಶದ ಬದಲು ಒಂದು ಸೂಕ್ಷ್ಮ ಗಾಜಿನ ಮಣಿಯನ್ನು ಹಿಡಿದಳು. ಪರದೆಯ ಮೇಲೆ ಅದು ನಡುಗುತ್ತಿತ್ತು.

"ಇದ್ಯಾಕೆ ನಡುಗುತ್ತೆ?"

"ನೀರಿನ ಕಣಗಳು ಗುದ್ದುತ್ತಾ ಇರ್ತವೆ. ಹಿಡಿತದಲ್ಲಿದ್ರೂ ನಡುಕ ನಿಲ್ಲಲ್ಲ."

"ಕದಲದ ಹಾಗೆ ಮಾಡೋಕಾಗಲ್ವಾ?"

"ಕಿರಣದ ಶಕ್ತಿ ವಿಪರೀತ ಏರಿಸಿದ್ರೆ ಅಲುಗಿದ್ದು ಕಾಣಲ್ಲ. ಆದ್ರೆ ಜೀವಕೋಶವಾಗಿದ್ರೆ ಕಾದು ಒಡೆದು—"

ಅವಳು ಗಂಡನ ಕಡೆ ನೋಡಿದಳು.

ಅಧಿಕಾರಿಣಿಯೂ ಅತ್ತಲೇ ತಿರುಗಿದರು. "ಹೋಗುವಾಗ ನಡುಗ್ತಿತ್ತು, ಬಂದಾಗ ಒಡೆದಿತ್ತು. ಕದಲದೆ ಕೂತಿದ್ದನ್ನ ಕಂಡೋರು ನೀವೊಬ್ರೇ. ಬೇರೆ ಯಾರೂ ಒಳಗೆ ಹೋಗಿಲ್ಲ ಅಂದೋರೂ ನೀವೇ. ಶಕ್ತಿ ಏರಿಸಿದ್ರಿ, ಒಡೆದ ಮೇಲೆ ಇಳಿಸಿಟ್ರಿ. ಅಲ್ವಾ?"

ಅವನು ಒಪ್ಪಿಕೊಂಡ. ಬೇರೆ ಊರಲ್ಲಿ ಅವನಿಗೆ ದೊಡ್ಡ ಕೆಲಸ ಸಿಕ್ಕಿತ್ತಂತೆ. ಇಲ್ಲಿಯ ಸಂಶೋಧನೆ ಮುಗಿಯುವವರೆಗೆ ಅವಳು ಜಪ್ಪಯ್ಯ ಎಂದರೂ ಊರು ಬಿಡುವವಳಲ್ಲ ಎಂದು ತಾನೇ ತೀರ್ಮಾನಿಸಿಬಿಟ್ಟಿದ್ದ.

"ಇಲ್ಲಿ ಏನೂ ಉಳೀದೇ ಇದ್ರೆ ನನ್ ಜೊತೆ ಬರ್ತೀಯ ಅಂದ್ಕೊಂಡೆ," ಎಂದ.

ಮುಖ್ಯಸ್ಥರು ತಡವರಿಸುತ್ತ ಅವಳ ಕ್ಷಮೆ ಕೇಳಿದರು. ಅದು ಅವಳ ಕಿವಿಗೇ ಬೀಳಲಿಲ್ಲ.

"ಒಂದು ಮಾತು ಕೇಳಿದ್ದಿದ್ರೆ ಬರ್ತಿದ್ದೆ," ಎಂದಳು ಗಂಡನಿಗೆ.